ಹೆಸರಿನ ನಡುವಿನ ಖಾಲಿ ಜಾಗ

ನಿಮ್ಮ ಕಂಪ್ಯೂಟರಿನಲ್ಲಿ ಎರಡು ಫೋಲ್ಡರ್ ಇವೆ ಅಂದ್ಕೊಳ್ಳಿ. ಒಂದರ ಹೆಸರು 'ಮೈಸೂರು', ಅದರಲ್ಲಿ ಹಳೇ ಮನೆಯ ಫೋಟೋಗಳು. ಇನ್ನೊಂದು 'ಮೈಸೂರು ದಸರಾ', ಅದರಲ್ಲಿ ಮಸುಕಾಗಿ ಬಂದ, ಬೇಡವಾದ ಚಿತ್ರಗಳು. ಎರಡನೆಯದನ್ನು ಅಳಿಸೋಣ ಅಂತ ಟರ್ಮಿನಲ್ ತೆರೆದು, 'ಆರ್‌ಎಂ ಮೈನಸ್ ಆರ್' ಅಂತ ಬರೆದು, ಮುಂದೆ ಮೈಸೂರು ದಸರಾ ಅಂತ ಟೈಪ್ ಮಾಡಿ ಎಂಟರ್ ಒತ್ತಿದ್ರೆ ಏನಾಗುತ್ತೆ? ಹಳೇ ಮನೆ ಹೋಯ್ತು. 'ದಸರಾ' ಅನ್ನೋದು ಸಿಗಲಿಲ್ಲ ಅಂತ ಒಂದು ಸಾಲಿನ ದೂರು ಬರುತ್ತೆ, ಅಷ್ಟೆ. ಮಸುಕು ಚಿತ್ರಗಳು ಭದ್ರವಾಗಿ ಉಳೀತವೆ. ಹೀಗೆ ಅಳಿಸಿದ್ದು ಕಸದಬುಟ್ಟಿಗೂ ಹೋಗಲ್ಲ.

ಇದರ ಬೇರು ನ್ಯೂಜೆರ್ಸಿಯ ಮರ್ರೆ ಹಿಲ್‌ನಲ್ಲಿದೆ. ಮ್ಯಾನ್‌ಹಟನ್‌ನಲ್ಲೂ ಒಂದು ಮರ್ರೆ ಹಿಲ್ ಇದೆ, ಅದಲ್ಲ. ಬೆಲ್ ಲ್ಯಾಬ್ಸ್ ಇದ್ದ ಊರು. 1969ರಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಅಲ್ಲೇ ಯುನಿಕ್ಸ್ ಶುರುಮಾಡಿದರು. ಆಗ ಸಾಮಾನ್ಯವಾಗಿ ಪರದೆ ಇರಲಿಲ್ಲ. ಸೆಕೆಂಡಿಗೆ ಹತ್ತಕ್ಷರ ಕಾಗದದ ಮೇಲೆ ಕುಟ್ಟುವ ಟೆಲಿಟೈಪ್. ಫೈಲ್ ಹೆಸರಿಗೆ ಹದಿನಾಲ್ಕು ಅಕ್ಷರದ ಮಿತಿ ಬಂತು. ಅಂಥಾ ಹೆಸರಲ್ಲಿ ಸ್ಪೇಸ್ ಯಾರು ಹಾಕ್ತಾರೆ? ಹಾಗಾಗಿ ಆಜ್ಞೆಯ ಪದಗಳನ್ನು ಬೇರೆ ಮಾಡೋ ಕೆಲಸವನ್ನು ಶೆಲ್ ಸ್ಪೇಸಿಗೇ ಕೊಟ್ಟಿತು.

ಸ್ವಾರಸ್ಯ ಏನು ಅಂದ್ರೆ, ಯುನಿಕ್ಸಿನ ತಿರುಳಾದ ಕರ್ನಲ್‌ಗೆ ಸ್ಪೇಸಿನ ಮೇಲೆ ಯಾವ ತಕರಾರೂ ಇಲ್ಲ. ಹೆಸರಲ್ಲಿ ಓರೆಗೆರೆ ಮತ್ತು ಸೊನ್ನೆ ಬೈಟ್, ಇವೆರಡು ಬಿಟ್ಟು ಏನು ಬೇಕಾದ್ರೂ ಇರಬಹುದು. 1992ರಲ್ಲಿ ಥಾಂಪ್ಸನ್ ಮತ್ತು ರಾಬ್ ಪೈಕ್ ನ್ಯೂಜೆರ್ಸಿಯ ಒಂದು ಡೈನರಿನಲ್ಲಿ ಊಟದ ತಟ್ಟೆ ಕೆಳಗಿನ ಕಾಗದದ ಮೇಲೆ ಯುಟಿಎಫ್-8 ರೂಪಿಸಿದಾಗ ಇದನ್ನೂ ಗಮನದಲ್ಲಿಟ್ಟಿದ್ದರು. ಕನ್ನಡದ ಒಂದೊಂದು ಚಿಹ್ನೆಗೂ ಅದರಲ್ಲಿ ಮೂರು ಬೈಟ್. ಅವುಗಳಲ್ಲಿ ಒಂದೂ ಓರೆಗೆರೆಯನ್ನಾಗಲಿ ಸ್ಪೇಸನ್ನಾಗಲಿ ಹೋಲಲ್ಲ. ಅಂದ್ರೆ ನಮ್ಮ 'ಮೈಸೂರು'ವಿಗೆ ತೊಂದರೆಯಿಲ್ಲ, ಅದರ ಪಕ್ಕದ ಖಾಲಿ ಜಾಗವೇ ತೊಂದರೆ!

ಇದು ಹೊಸಬರ ಸಮಸ್ಯೆ ಅಂತ ತಳ್ಳಿಹಾಕಬೇಡಿ. 2001ರ ನವೆಂಬರಿನಲ್ಲಿ ಆಪಲ್ಲಿನ ಐಟ್ಯೂನ್ಸ್ 2ರ ಇನ್‌ಸ್ಟಾಲರ್, ಹೆಸರಲ್ಲಿ ಸ್ಪೇಸ್ ಇದ್ದ ಕೆಲವರ ಡಿಸ್ಕುಗಳನ್ನೇ ಅಳಿಸಿತು. ಹಳೇ ಆವೃತ್ತಿ ತೆಗೆಯೋ ಸಾಲಿನಲ್ಲಿ ಉದ್ಧರಣ ಚಿಹ್ನೆ ಇರಲಿಲ್ಲ. 2011ರಲ್ಲಿ ಬಂಬಲ್‌ಬೀ ಅನ್ನೋ ಲಿನಕ್ಸ್ ತಂತ್ರಾಂಶದಲ್ಲಿ ಉಲ್ಟಾ ಆಯ್ತು: 'ಯುಎಸ್ಆರ್' ಆದ ಮೇಲೆ ಬೇಡದ ಒಂದು ಸ್ಪೇಸ್ ನುಸುಳಿ, ಒಂದು ಚಿಕ್ಕ ಉಪಫೋಲ್ಡರಿನ ಬದಲು ಇಡೀ 'ಯುಎಸ್ಆರ್' ಹೋಯ್ತು.

ಪರಿಹಾರ ಸುಲಭ. ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಡಿ, ಇಲ್ಲವೇ ಸ್ಪೇಸಿನ ಮುಂದೆ ಬ್ಯಾಕ್‌ಸ್ಲ್ಯಾಶ್ ಹಾಕಿ. ವಿಂಡೋಸಿನ ಕಮಾಂಡ್ ಪ್ರಾಂಪ್ಟಿನಲ್ಲಿ ಜೋಡಿ ಚಿಹ್ನೆಯೇ ಬೇಕು, ಒಂಟಿ ನಡೆಯಲ್ಲ. ಸ್ಕ್ರಿಪ್ಟ್ ಬರೆಯೋರಿಗೆ ಇನ್ನೊಂದು ಹೊಂಡ ಇದೆ. ಬೆಲ್ ಲ್ಯಾಬ್ಸಿನಲ್ಲೇ ಸ್ಟೀವ್ ಬೋರ್ನ್ ಬರೆದು 1979ರಲ್ಲಿ ಹೊರಬಂದ ಶೆಲ್, ಡಾಲರ್ ಚಿಹ್ನೆಯ ವೇರಿಯೇಬಲ್ ಬಿಡಿಸಿದ ಮೇಲೆ ಅದರೊಳಗಿನ ಸ್ಪೇಸಿನಲ್ಲಿ ಮತ್ತೆ ಕತ್ತರಿಸುತ್ತೆ. ಆಮೇಲೆ ಅದೇ ಸಂಸ್ಥೆಯ ಟಾಮ್ ಡಫ್, 'ಆರ್‌ಸಿ' ಅನ್ನೋ ಶೆಲ್ಲಿನಲ್ಲಿ ಈ ಮರುಕತ್ತರಿಯನ್ನೇ ಕೈಬಿಟ್ಟರು. ನನ್ನ ಪ್ರಕಾರ ಅದೇ ಸರಿ. ಆದರೆ ಜಗತ್ತು ಬೋರ್ನ್ ದಾರಿಯಲ್ಲೇ ಹೋಯ್ತು, ಬ್ಯಾಶ್ ಇವತ್ತಿಗೂ ಕತ್ತರಿಸುತ್ತೆ. ವೇರಿಯೇಬಲ್ಲಿಗೆ ಜೋಡಿ ಚಿಹ್ನೆ ಹಾಕಿ. ಒಂಟಿ ಹಾಕಿದ್ರೆ ಡಾಲರ್ ಬಿಚ್ಚೋದೇ ಇಲ್ಲ.

ಕೈಯಲ್ಲಿ ಟೈಪ್ ಮಾಡುವಾಗ ಮಾತ್ರ ಇಷ್ಟೆಲ್ಲ ಬೇಡ. 'ಮೈಸೂರು ದ' ತನಕ ಬ್ಯಾಕ್‌ಸ್ಲ್ಯಾಶ್ ಸಮೇತ ಬರೆದು ಟ್ಯಾಬ್ ಒತ್ತಿ, ಉಳಿದದ್ದನ್ನು ಶೆಲ್ಲೇ ತುಂಬುತ್ತೆ.