ಕತೆ ಓದಿದವರು ಮಾತಿಗೆ ಕೂತಾಗ

ಒಳ್ಳೆಯ ಕತೆಯೊಂದನ್ನು ಓದಿ ಮುಗಿಸಿದ ಕೂಡಲೇ ಯಾರಿಗಾದರೂ ಹೇಳಬೇಕು ಅನ್ನಿಸುತ್ತದೆ. ಮನೆಯವರಿಗೋ, ಆಫೀಸಿನಲ್ಲಿ ಪಕ್ಕ ಕೂರುವವರಿಗೋ, ಬಸ್‌ಸ್ಟಾಪಿನಲ್ಲಿ ಸಿಕ್ಕ ಗೆಳೆಯನಿಗೋ ಹೇಳಿಬಿಡುತ್ತೇವೆ. ಗಂಡಸು ಗಂಡಸನ್ನು ಪ್ರೀತಿಸುವ ಕತೆ ಓದಿದವನಿಗೆ ಆ ಸಲೀಸು ಇರಲಿಲ್ಲ. ಬಾಯಿ ಬಿಟ್ಟರೆ ‘ನಿನಗ್ಯಾಕಪ್ಪಾ ಇಂಥ ಪುಸ್ತಕ?’ ಎಂಬ ಪ್ರಶ್ನೆ, ಅದರ ಬೆನ್ನಿಗೇ ಇನ್ನೂ ದೊಡ್ಡ ಪ್ರಶ್ನೆ. ಇಂಥ ಓದುಗರು ಬೆಂಗಳೂರಿನಲ್ಲಿ ಒಬ್ಬರನ್ನೊಬ್ಬರು ಹುಡುಕಿಕೊಂಡು, ಓದಿದ್ದನ್ನೂ ದಿನನಿತ್ಯದ ಪಾಡನ್ನೂ ಒಟ್ಟಿಗೇ ಹೇಳಿಕೊಳ್ಳುವ ರೂಢಿ ಮಾಡಿಕೊಂಡರು. ಆ ರೂಢಿ ಬೆಳೆದ ಜಾಗಗಳಲ್ಲಿ ಕೆಲವು ಹಲಸೂರು ಕೆರೆಯಿಂದ ಕಾಲ್ನಡಿಗೆಯಲ್ಲೇ ಹೋಗಿ ಬರುವಷ್ಟು ಹತ್ತಿರದಲ್ಲಿವೆ.

ಹಲಸೂರಿನ ಮಗ್ಗುಲಲ್ಲಿ ಬ್ರಿಟಿಷರು ದಂಡು ಕಟ್ಟಿದ್ದು 1809ರಲ್ಲಿ. ಅವರೇ ತಂದ ದಂಡ ಸಂಹಿತೆ 1860ರಲ್ಲಿ ರೂಪುಗೊಂಡು 1862ರಿಂದ ಜಾರಿಯಾಯಿತು. ಅದರ 377ನೇ ಕಲಮು ಇಂಥ ಪ್ರೀತಿಯ ದೈಹಿಕ ಸಂಬಂಧಕ್ಕೆ ಜೀವಾವಧಿಯವರೆಗೂ ಶಿಕ್ಷೆ ವಿಧಿಸಬಹುದು ಎಂದಿತ್ತು. ಅವರ ಸೈನ್ಯ ಬಂತು, ಹೋಯಿತು. ಸೋಲ್ಜರುಗಳ ಬಂಗಲೆಗಳಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟುಗಳೆದ್ದವು. ಕಲಮು ಮಾತ್ರ ಕದಲಲಿಲ್ಲ. ಸಿಕ್ಕಿಬಿದ್ದವರಿಗಿಂತ ಅದಕ್ಕೆ ಹೆದರಿ ಬಾಯಿ ಮುಚ್ಚಿಕೊಂಡವರೇ ಹೆಚ್ಚು ಎಂದು ನಾನು ನಂಬುತ್ತೇನೆ.

ಆ ಮೌನವನ್ನು ಮುಂಚೆಯೇ ಮುರಿದವರು ಬೆಂಗಳೂರಿನ ಹೆಣ್ಣುಮಗಳು. 1929ರಲ್ಲಿ ಇಲ್ಲಿ ಕನ್ನಡದ ಮನೆಯಲ್ಲಿ ಹುಟ್ಟಿದ ಶಕುಂತಲಾ ದೇವಿ ಲೆಕ್ಕದ ಚಮತ್ಕಾರಕ್ಕೆ ಜಗತ್ತಿನಲ್ಲೆಲ್ಲ ಹೆಸರಾದರು. ಅವರು 1977ರಲ್ಲಿ ‘ದಿ ವರ್ಲ್ಡ್ ಆಫ್ ಹೋಮೋಸೆಕ್ಷುವಲ್ಸ್’ ಎಂಬ ಪುಸ್ತಕ ಬರೆದರು ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಗೇ ಗಂಡಸರನ್ನು ಕೂರಿಸಿಕೊಂಡು ಮಾತಾಡಿಸಿ ಅವರ ಬದುಕನ್ನು ಬರೆದಿಟ್ಟರು. ಶ್ರೀರಂಗದ ಅರ್ಚಕರೊಬ್ಬರನ್ನೂ ಕೇಳಿದರು; ಹೀಗೆ ಪ್ರೀತಿಸುವವರು ಹಿಂದಿನ ಜನ್ಮದಲ್ಲಿ ಗಂಡು ಹೆಣ್ಣಾಗಿ ಪ್ರೀತಿಸಿದವರೇ ಇರಬೇಕು ಎಂದು ಆ ಹಿರಿಯರು ಹೇಳಿದ್ದನ್ನು ದಾಖಲಿಸಿದರು. ಸಹಿಸಿಕೊಂಡರೆ ಸಾಲದು, ಪೂರ್ತಿಯಾಗಿ ಒಪ್ಪಿಕೊಳ್ಳಬೇಕು ಎಂಬುದು ಅವರ ವಾದವಾಗಿತ್ತು. ಆ ಪುಸ್ತಕಕ್ಕೆ ಸಿಗಬೇಕಾದ ಓದುಗರು ಸಿಗಲಿಲ್ಲ.

ಓದುಗರು ಸಿಗುವುದಕ್ಕೆ ಮೊದಲು ಕೂತು ಮಾತಾಡಲು ಒಂದು ಜಾಗ ಬೇಕಿತ್ತು. 1994ರಲ್ಲಿ ಬೆಂಗಳೂರಿನಲ್ಲಿ ‘ಗುಡ್ ಆ್ಯಸ್ ಯೂ’ ಎಂಬ ಬಳಗ ಶುರುವಾಯಿತು. ವಾರಕ್ಕೊಮ್ಮೆ, ಗುರುವಾರ ಸಂಜೆ, ಸೇರುವುದು. ಮೊಬೈಲು, ಇಂಟರ್‌ನೆಟ್ಟು ಇಲ್ಲದ ಕಾಲದಲ್ಲಿ ವಾರವಿಡೀ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಹೇಳಿಕೊಳ್ಳಲು ಒಂದು ಸಂಜೆ ಸಿಕ್ಕಿತು. ‘ಸಂಘಮಿತ್ರ’ ಎಂಬ ಪುಟ್ಟ ಪತ್ರಿಕೆಯೂ ಹೊರಟಿತು. ಮುಂಬೈಯಿಂದ 1990ರಲ್ಲೇ ‘ಬಾಂಬೆ ದೋಸ್ತ್’ ಎಂಬ ಇಂಥದೇ ಪತ್ರಿಕೆ ಬರತೊಡಗಿತ್ತು. ಇಂಥ ಪತ್ರಿಕೆಯ ಒಂದು ಪ್ರತಿ ಎಷ್ಟು ಕೈ ದಾಟುತ್ತದೆ ಎಂಬುದಕ್ಕೆ ಲೆಕ್ಕವಿರುವುದಿಲ್ಲ. ಒಬ್ಬ ಓದಿ ಇನ್ನೊಬ್ಬನಿಗೆ ಕೊಡುವಾಗ ಪತ್ರಿಕೆಯ ಜೊತೆಗೆ ನಂಬಿಕೆಯನ್ನೂ ಕೊಡಬೇಕಾಗಿತ್ತು.

ಆದರೆ ಆ ಓದಿನ ಬಹುಪಾಲು ಇಂಗ್ಲಿಷಿನಲ್ಲಿತ್ತು. ನಮ್ಮೂರಿನವರೇ ಆದ ಮಹೇಶ ದತ್ತಾಣಿ ಗೇ ಗೆಳೆಯರ ಬದುಕನ್ನು 1998ರಲ್ಲಿ ‘ಆನ್ ಎ ಮಗ್ಗಿ ನೈಟ್ ಇನ್ ಮುಂಬೈ’ ನಾಟಕದಲ್ಲಿ ರಂಗಕ್ಕೆ ತಂದರು. ಮರುವರ್ಷ ಬಿಬಿಸಿ ರೇಡಿಯೊಗೆ ಅವರು ಬರೆದ ‘ಸೆವೆನ್ ಸ್ಟೆಪ್ಸ್ ಅರೌಂಡ್ ದಿ ಫೈರ್’ ಹಿಜ್ಡಾ ಒಬ್ಬಳ ಕೊಲೆಯ ಜಾಡು ಹಿಡಿದು ಇಲ್ಲೇ ಶಿವಾಜಿನಗರದ ಗಲ್ಲಿಗಳಿಗೆ ಬರುತ್ತದೆ. ಅದೇ 1999ರಲ್ಲಿ ಹೋಶಂಗ್ ಮರ್ಚೆಂಟ್ ಭಾರತದ ಗೇ ಬರಹಗಳನ್ನು ‘ಯಾರಾನಾ’ ಎಂಬ ಸಂಕಲನವಾಗಿ ತಂದರು. ಎಲ್ಲವೂ ಬೇಕಾದದ್ದೇ. ಆದರೂ ಶಿವಾಜಿನಗರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಬರುವ ಮಂಡ್ಯದ ಹುಡುಗನಿಗೋ, ಹಲಸೂರಿನಲ್ಲಿ ತಮಿಳು ಮಾತಾಡುವ ಕೂಲಿಯವನಿಗೋ ಅವು ಎಟುಕುವಂತಿರಲಿಲ್ಲ.

ಈ ಕೊರತೆ ಎದ್ದು ಕಂಡದ್ದು ‘ಸಂಗಮ’ದಲ್ಲಿ. 1999ರಲ್ಲಿ ಹುಟ್ಟಿದ ಈ ಸಂಸ್ಥೆ ಮೊದಲು ಒಂದು ದಾಖಲೆ ಕೇಂದ್ರ, ಎಂದರೆ ಪುಸ್ತಕಗಳನ್ನೂ ಪತ್ರಿಕೆಯ ತುಣುಕುಗಳನ್ನೂ ಕೂಡಿಟ್ಟು ಬಂದವರಿಗೆ ಓದಲು ಕೊಡುವ ತಾಣ. ಅದರ ಕಚೇರಿ ಶಿವಾಜಿನಗರದ ಬಳಿಯ ಟಾಸ್ಕರ್ ಟೌನಿನ ಅಪಾರ್ಟ್‌ಮೆಂಟೊಂದರಲ್ಲಿತ್ತು. ಓದುವವರಿಗೆಂದು ತೆರೆದ ಬಾಗಿಲಿಗೆ ಪೊಲೀಸರಿಂದ ಏಟು ತಿಂದವರು, ಮನೆಯಿಂದ ಹೊರಬಿದ್ದವರು, ಇಂಗ್ಲಿಷ್ ಗೊತ್ತಿಲ್ಲದವರು ಬರತೊಡಗಿದರು. ಸಂಸ್ಥೆಯ ದಾರಿಯೇ ಬದಲಾಯಿತು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಕರ್ನಾಟಕ 2001ರಲ್ಲೂ 2003ರಲ್ಲೂ ಹೊರತಂದ ವರದಿಗಳಲ್ಲಿ ಬೆಂಗಳೂರಿನ ಇಂಥವರ ಹೇಳಿಕೆಗಳಿವೆ. ಅವನ್ನು ಕಾನೂನಿನ ಕಾಗದವೆಂದು ಪಕ್ಕಕ್ಕಿಡುವವರಿದ್ದಾರೆ. ನನಗೆ ಅವು ಈ ಊರಿನ ಗದ್ಯದ ಭಾಗ.

ಸಂಗಮದಲ್ಲೇ ಕೆಲಸ ಮಾಡುತ್ತಿದ್ದ ಹಿಜ್ಡಾ ಲೇಖಕಿ ಎ. ರೇವತಿ ತನ್ನಂಥವರನ್ನು ಮಾತಾಡಿಸಿ 2004ರಲ್ಲಿ ತಮಿಳಿನಲ್ಲಿ ‘ಉಣರ್ವುಂ ಉರುವಮುಂ’ ತಂದರು. ಅವರ ಆತ್ಮಕತೆ 2010ರಲ್ಲಿ ಮೊದಲು ಇಂಗ್ಲಿಷಿನಲ್ಲಿ ಬಂತು. ದು. ಸರಸ್ವತಿ ಅದನ್ನು ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದ ಮೇಲೆ ರಂಗವನ್ನೂ ಏರಿತು, ಪುಸ್ತಕ ಮುಟ್ಟದ ಊರುಗಳನ್ನೂ ಮುಟ್ಟಿತು.

ಕನ್ನಡದ ಕತೆಯ ಓದುಗರಿಗೆ ಬಾಗಿಲು ತೆರೆದದ್ದು 2013ರಲ್ಲಿ ಬಂದ ವಸುಧೇಂದ್ರರ ‘ಮೋಹನಸ್ವಾಮಿ’. ಸಂಡೂರಿನ ವಸುಧೇಂದ್ರ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು, ಛಂದ ಪುಸ್ತಕ ಕಟ್ಟಿದವರು. ‘ನಮ್ಮಮ್ಮ ಅಂದ್ರೆ ನಂಗಿಷ್ಟ’ ಬರೆದು ಅದಾಗಲೇ ಮನೆಮನೆಯ ಲೇಖಕರಾಗಿದ್ದರು. ಅಮ್ಮನ ಬಗ್ಗೆ ಬರೆದ ಕೈಯೇ ಈ ಕತೆಗಳನ್ನೂ ಬರೆಯಿತು ಎಂಬುದು ಓದುಗರ ಮೇಲೆ ಮಾಡಿದ ಪರಿಣಾಮ ಸಣ್ಣದಲ್ಲ. ಮೋಹನಸ್ವಾಮಿಯ ಮೊದಲ ಕತೆ ಬೇರೊಂದು ಹೆಸರಿನಲ್ಲಿ ಅಚ್ಚಾಗಿತ್ತು. ಪುಸ್ತಕಕ್ಕೆ ಅವರು ತಮ್ಮ ಹೆಸರನ್ನೇ ಹಾಕಿದರು, ತಾವು ಗೇ ಎಂದೂ ಹೇಳಿದರು.

‘ಕಗ್ಗಂಟು’ ಕತೆಯನ್ನೇ ನೋಡಿ. ಎಂಥ ಗಂಟನ್ನಾದರೂ ತಾಳ್ಮೆಯಿಂದ ಬಿಡಿಸಬಲ್ಲವನು ಮೋಹನಸ್ವಾಮಿ. ಜೊತೆಯಲ್ಲೇ ಬಾಳಿದ ಕಾರ್ತಿಕ್ ಹೆಣ್ಣು ನೋಡಿ ಮದುವೆಗೆ ಒಪ್ಪಿದಾಗ ಅವನ ಪಾಡೇನು ಎಂಬುದೇ ಕತೆ. ಇಲ್ಲಿ ಕೋರ್ಟಿಲ್ಲ, ಘೋಷಣೆಯಿಲ್ಲ. ಒಂದು ಬಾಡಿಗೆ ಮನೆ, ಇಬ್ಬರು ಗಂಡಸರು, ಒಬ್ಬನ ಮದುವೆ. ‘ತಗಣಿ’ಯಲ್ಲಿ ಹಳ್ಳಿಯ ಹೆಣ್ಣಿಗ ಹುಡುಗನೊಬ್ಬನಿಗೆ ಒದಗುವ ಗತಿ ಓದಿ ರಾತ್ರಿ ನಿದ್ದೆಗೆಟ್ಟವರನ್ನು ನಾನು ಬಲ್ಲೆ. ಕೊನೆಗೆ ಮೋಹನಸ್ವಾಮಿ ಆಫ್ರಿಕಾದ ಕಿಲಿಮಂಜಾರೊ ಹತ್ತುತ್ತಾನೆ.

ಪುಸ್ತಕ ಬಂದ ಮೇಲೆ ವಸುಧೇಂದ್ರರಿಗೆ ಫೋನುಗಳು ಬರತೊಡಗಿದವು. ಮನೆಯಲ್ಲಿ ಮದುವೆಗೆ ಒತ್ತಾಯ, ಬದುಕೇ ಸಾಕೆನಿಸಿದೆ, ಯಾರಿಗೂ ಹೇಳಿಲ್ಲ, ನಿಮಗೇ ಮೊದಲು ಎನ್ನುವ ಕರೆಗಳು. ಅವುಗಳಿಗೆ ಉತ್ತರಿಸುವ ಸಲುವಾಗಿ ಅವರು ಆಪ್ತಸಮಾಲೋಚನೆಯ ತರಬೇತಿ ಪಡೆದರು. ಕತೆಗಾರನೊಬ್ಬ ಓದುಗರಿಗೆ ಕಿವಿಗೊಡುವುದಕ್ಕಾಗಿ ಇನ್ನೊಂದು ವಿದ್ಯೆ ಕಲಿತ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ. ಪುಸ್ತಕ ಬಂದ ಅದೇ 2013ರ ಏಪ್ರಿಲಿನಲ್ಲಿ ಶಕುಂತಲಾ ದೇವಿ ಇದೇ ಊರಿನಲ್ಲಿ ತೀರಿಕೊಂಡಿದ್ದರು. ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು, ಕಲಮನ್ನು ಸಡಿಲಿಸಿದ್ದ 2009ರ ದೆಹಲಿ ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿ 377ಕ್ಕೆ ಮತ್ತೆ ಜೀವ ಕೊಟ್ಟಿತು. ಮೋಹನಸ್ವಾಮಿಯಲ್ಲಿ ತನ್ನನ್ನು ಕಂಡುಕೊಂಡ ಓದುಗ ಕಾನೂನಿನ ಕಣ್ಣಿನಲ್ಲಿ ಮತ್ತೆ ಅಪರಾಧಿ.

ಹಲಸೂರಿನಲ್ಲಿ ಬಾಡಿಗೆಗಿದ್ದ ಪರಿಚಯದವರೊಬ್ಬರು ಆ ದಿನಗಳಲ್ಲಿ ‘ಮೋಹನಸ್ವಾಮಿ’ಗೆ ಹಳೆಯ ಕ್ಯಾಲೆಂಡರಿನ ಹಾಳೆಯ ರಟ್ಟು ಹಾಕಿಟ್ಟಿದ್ದರು. ಜೊತೆಯ ಹುಡುಗನಿಗೆ ಕಾಣಬಾರದೆಂದು. ಒಂದು ದಿನ ನೋಡಿದರೆ ರಟ್ಟು ಮಡಚಿದ ಗುರುತು ಬೇರೆ ಕಡೆ ಇದೆ; ಅವನೂ ಓದುತ್ತಿದ್ದ. ಇಬ್ಬರೂ ಏನೂ ಕೇಳಿಕೊಳ್ಳಲಿಲ್ಲವಂತೆ. ವಾರ ಕಳೆದ ಮೇಲೆ ಅನ್ನ ಬಡಿಸಿಕೊಳ್ಳುತ್ತಾ ಆ ಹುಡುಗ, ‘ಅಣ್ಣಾ, ಆ ಕಾರ್ತಿಕ್ ಮಾಡಿದ್ದು ಸರೀನಾ?’ ಎಂದ. ಮಾತು ಶುರುವಾದದ್ದು ಹಾಗೆ. ಊರಿಂದ ಬರುವ ಜಾತಕಗಳು, ಓನರ್ ಆಂಟಿಯ ಅನುಮಾನ, ತಿಂಗಳ ಕೊನೆಯ ದುಡ್ಡಿನ ಮುಗ್ಗಟ್ಟು ಎಲ್ಲವೂ ಆ ತಟ್ಟೆಯ ಸುತ್ತ ಬಂದವು. ತನ್ನ ಬಗ್ಗೆ ನೇರವಾಗಿ ಹೇಳಲಾಗದ್ದನ್ನು ಪಾತ್ರದ ಬಗ್ಗೆ ಹೇಳಬಹುದು. ‘ಮೋಹನಸ್ವಾಮಿ ಓದಿದೀರಾ?’ ಎಂದು ಕೇಳಿ ಎದುರಿನವರ ಮುಖ ನೋಡಿದವರು ಬಹಳ ಮಂದಿ ಇದ್ದಾರು.

ಓದುಗರೆಲ್ಲ ಪುಸ್ತಕವನ್ನು ತಲೆಯ ಮೇಲೆ ಹೊತ್ತರೆಂದಲ್ಲ. ಮೋಹನಸ್ವಾಮಿ ಇಷ್ಟು ಅಳಬೇಕೇ, ಸಂಬಳ ಬರುವ ಸಾಫ್ಟ್‌ವೇರಿನವನ ನೋವೇ ಎಲ್ಲರ ನೋವೇ ಎಂದು ಜಗಳ ತೆಗೆಯುವವರಿದ್ದಾರೆ. ಆ ಜಗಳ ನ್ಯಾಯವಾದದ್ದು. ಹಿಜ್ಡಾಗಳು ನಡೆಸುವ ಸ್ನಾನದ ಮನೆಯಾದ ಹಮಾಮಿನಲ್ಲಿ ಬೆಳೆದ ಬದುಕು, ಗಾರ್ಮೆಂಟ್ಸಿಗೆ ಹೋಗುವ ಹುಡುಗಿ ಇನ್ನೊಬ್ಬ ಹುಡುಗಿಯನ್ನು ಮೆಚ್ಚಿದ ಬದುಕು ಕನ್ನಡದ ಕತೆಗೆ ಬರಬೇಕಾದಷ್ಟು ಬಂದಿಲ್ಲ. ಟ್ರಾನ್ಸ್ ಕಲಾವಿದೆ ಮಂಜಮ್ಮ ಜೋಗತಿಯವರ ಬದುಕನ್ನು ಹೇಳುವ ‘ನಡುವೆ ಸುಳಿವ ಹೆಣ್ಣು’ ಬಂದಿದೆ, ಟ್ರಾನ್ಸ್ ಹೋರಾಟಗಾರ್ತಿ ಅಕ್ಕಯ್ ಪದ್ಮಶಾಲಿ ತಮ್ಮ ಕತೆ ಹೇಳಿದ್ದಾರೆ. ಆದರೆ ಅವು ಆತ್ಮಕಥನಗಳು. ಹೆಣ್ಣುಗಳಿಬ್ಬರ ಪ್ರೀತಿಯನ್ನು ಸಾವಧಾನವಾಗಿ ಹೇಳುವ ಕನ್ನಡ ಕಾದಂಬರಿಗಾಗಿ ನಾನಂತೂ ಕಾಯುತ್ತಿದ್ದೇನೆ.

‘ಮೋಹನಸ್ವಾಮಿ’ಗೆ ರಶ್ಮಿ ತೇರದಾಳರ ಇಂಗ್ಲಿಷ್ ಅನುವಾದ 2016ರಲ್ಲಿ ಬಂದಾಗ ಹಳೆಯ ಹರಿವು ತಿರುಗಿತು. ಇಂಗ್ಲಿಷ್ ಓದುವ ದಂಡಿನವರು ಕನ್ನಡದ ಕತೆಯನ್ನು ಹುಡುಕಿಕೊಂಡು ಬಂದರು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ತೀರ್ಪಿನಿಂದ 377ರ ಕುಣಿಕೆ ಸಡಿಲವಾಯಿತು. ಒಂದೇ ಲಿಂಗದ ಜೋಡಿಗಳಿಗೆ ಮದುವೆಯ ಹಕ್ಕನ್ನು 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಕೊಡಲಿಲ್ಲ. ಇಂಥ ಜೋಡಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು ಅಡ್ಡಿಯಿಲ್ಲ, ಪಡಿತರ ಚೀಟಿಗೆ ಒಂದೇ ಮನೆಯವರೆಂದು ಪರಿಗಣಿಸಬೇಕು ಎಂದು 2024ರಲ್ಲಿ ಕೇಂದ್ರ ಸರ್ಕಾರ ತಿಳಿಸಿತು. ಈಗ ಪುಸ್ತಕ ಹಿಡಿದು ಸೇರುವವರ ಮಾತಿನಲ್ಲಿ ಇವೂ ಬರುತ್ತವೆ. ಕಾರ್ತಿಕ್ ಮಾಡಿದ್ದು ಸರಿಯೇ ಎಂಬ ವಾದ ಇನ್ನೂ ತೀರಿಲ್ಲ. ಅದರ ನಡುವೆಯೇ ಒಬ್ಬರು ಬ್ಯಾಂಕಿನ ಫಾರಂ ತೆಗೆದು, ನಾಮಿನಿಯ ಜಾಗದಲ್ಲಿ ಸಂಬಂಧ ಏನೆಂದು ತುಂಬಿಸಿದಿರಿ ಎಂದು ಪಕ್ಕದವರನ್ನು ಕೇಳುತ್ತಾರೆ.