ಸೂರ್ಯನ ಕಲೆಗಳೂ ಭೂಮಿಯ ಹವೆಯೂ

ಬೇಸಗೆಯ ತಾಪವು ಹೆಚ್ಚುತ್ತಿರುವುದಕ್ಕೆ ಸೂರ್ಯನೇ ಕಾರಣನಲ್ಲವೇ ಎಂದು ನಮ್ಮ ಹಳೆಯ ವಿದ್ಯಾರ್ಥಿನಿಯರೂ ಮಕ್ಕಳ ತಾಯ್ತಂದೆಗಳೂ ಆಗಾಗ್ಗೆ ನಮ್ಮನ್ನು ಕೇಳುವುದುಂಟು. ಈ ಪ್ರಶ್ನೆಗೆ ಉತ್ತರ ಕೊಡುವುದೇ ಈ ಲೇಖನದ ಉದ್ದೇಶವು.

ಸೂರ್ಯಬಿಂಬದಲ್ಲಿ ಕಪ್ಪು ಕಲೆಗಳು ಕಾಣಿಸಿಕೊಳ್ಳುವುವು. ನೆರೆಯ ಭಾಗಗಳಿಗಿಂತ ಅವುಗಳ ಶಾಖವು ಕಡಿಮೆಯಾದುದರಿಂದ ಅವು ಕಪ್ಪಾಗಿ ತೋರುವುವು. ಅವು ಕ್ರಮವಾಗಿ ಹೆಚ್ಚಿ ಕುಗ್ಗುವುವೆಂದು ಜರ್ಮನಿಯ ಶ್ವಾಬೆ ಎಂಬವನು 1843ರಲ್ಲಿ ಪ್ರಕಟಿಸಿದನು. ಈ ಆವರ್ತವು ಸುಮಾರು 11 ವರ್ಷಗಳದು. ಆಶ್ಚರ್ಯವೇನೆಂದರೆ, ಕಲೆಗಳು ಹೆಚ್ಚಾದಾಗ ಸೂರ್ಯನ ಪ್ರಕಾಶವು ಕುಂದದೆ ತುಸು ಹೆಚ್ಚುವುದು. ಕಲೆಗಳೊಡನೆ ಹುಟ್ಟುವ ಉಜ್ವಲ ಭಾಗಗಳು ಆ ಕೊರತೆಯನ್ನು ತುಂಬಿ ಮಿಗುವುವು.

ಈ ಕಲೆಗಳ ಅಭ್ಯಾಸದಲ್ಲಿ ಒಬ್ಬ ಸ್ತ್ರೀಯ ಹೆಸರು ಸ್ಮರಣೀಯವಾದುದು. ಐರ್ಲೆಂಡಿನ ಸಭಾಪಾಲಕರೊಬ್ಬರ ಮಗಳಾದ ಆನಿ ರಸಲ್ ಎಂಬವರು 1891ರಲ್ಲಿ ಗ್ರಿನಿಚ್ ವೇಧಶಾಲೆಯನ್ನು ಸೇರಿ, ಸೂರ್ಯನ ಛಾಯಾಚಿತ್ರಗಳಲ್ಲಿ ಕಲೆಗಳನ್ನು ಅಳೆಯುವ ಕೆಲಸವನ್ನು ಕೈಗೊಂಡರು. 1895ರಲ್ಲಿ ಅಲ್ಲಿಯೇ ಇದ್ದ ವಾಲ್ಟರ್ ಮಾಂಡರರನ್ನು ವಿವಾಹವಾದಾಗ ಅಂದಿನ ನಿಯಮದಂತೆ ಉದ್ಯೋಗವನ್ನು ಬಿಡಬೇಕಾಯಿತು. ಅಭ್ಯಾಸವನ್ನು ಮಾತ್ರ ಅವರು ಬಿಡಲಿಲ್ಲ. 1898ರ ಸೂರ್ಯಗ್ರಹಣದ ಚಿತ್ರ ತೆಗೆಯಲು ಅವರು ಇಂಡಿಯಾ ದೇಶಕ್ಕೂ ಬಂದಿದ್ದರು. ಪತಿಪತ್ನಿಯರು ಕೂಡಿ ರಚಿಸಿದ, ಚಿಟ್ಟೆಯ ರೆಕ್ಕೆಗಳಂತೆ ತೋರುವ ಕಲೆಗಳ ನಕ್ಷೆಯು ಇಂದಿಗೂ ಬಳಕೆಯಲ್ಲಿದೆ.

1645ರಿಂದ 1715ರ ವರೆಗೆ ಕಲೆಗಳು ಬಹು ವಿರಳವಾಗಿದ್ದುವೆಂಬುದನ್ನು ವಾಲ್ಟರ್ ಮಾಂಡರರು ಎತ್ತಿ ತೋರಿಸಿದರು. ಆ ಕಾಲದಲ್ಲಿ ಯೂರೋಪಿನ ಚಳಿಗಾಲಗಳು ಹಲವು ಬಾರಿ ಕಠೋರವಾಗಿದ್ದುವು; 1683–84ರಲ್ಲಿ ಲಂಡನ್ನಿನ ಥೇಮ್ಸ್ ನದಿಯು ಹೆಪ್ಪುಗಟ್ಟಿ, ಅದರ ಮೇಲೆ ಸಂತೆಯೇ ನೆರೆಯಿತು. ಆದರೆ ಆ ಶೀತಕಾಲವು ಕಲೆಗಳು ವಿರಳವಾಗುವುದಕ್ಕೆ ಮುಂಚೆಯೇ ತೊಡಗಿದ್ದಿತು. ಜ್ವಾಲಾಮುಖಿಗಳು ಉಗುಳಿದ ಹೊಗೆಧೂಳುಗಳೂ ಬಿಸಿಲನ್ನು ತಡೆದಿದ್ದುವು. ಆದಕಾರಣ ಅಂದಿನ ಚಳಿಗೂ ಸೂರ್ಯನೊಬ್ಬನನ್ನೇ ಹೊಣೆಮಾಡಲಾಗದು.

ಇಂದಿನ ತಾಪದ ವಿಷಯವೇನು? 1978ರಿಂದ ಕೃತಕ ಉಪಗ್ರಹಗಳು ಸೂರ್ಯನ ಶಕ್ತಿಯನ್ನು ಅಳೆಯುತ್ತಿವೆ. ಒಂದು ಆವರ್ತದಲ್ಲಿ ಅದು ಸಾವಿರಕ್ಕೆ ಒಂದು ಪಾಲಿನಷ್ಟು ಮಾತ್ರ ಏರಿಳಿಯುವುದು. ಅದರಿಂದ ಭೂಮಿಯ ಸರಾಸರಿ ಉಷ್ಣತೆಯಲ್ಲಿ ಆಗುವ ಭೇದವು ಸುಮಾರು 0.1 ಡಿಗ್ರಿ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದೀಚೆಗೆ ಭೂಮಿಯಾದರೋ 1 ಡಿಗ್ರಿಗೂ ಮಿಕ್ಕಿ ಬಿಸಿಯಾಗಿದೆ. ಉಪಗ್ರಹಗಳು ಅಳೆದ ವರ್ಷಗಳಲ್ಲಿ ಸೂರ್ಯನ ಶಕ್ತಿಯು ಒಟ್ಟಿನಲ್ಲಿ ಏರಿಲ್ಲ. ಸೂರ್ಯನೇ ಕಾರಣನಾಗಿದ್ದರೆ ವಾಯುಮಂಡಲದ ಮೇಲಣ ಪದರವೂ ಬಿಸಿಯಾಗಬೇಕಿತ್ತು, ಅದು ತಣ್ಣಗಾಗಿದೆ. ಕಲ್ಲಿದ್ದಲು, ಎಣ್ಣೆಗಳನ್ನು ಸುಡುವುದರಿಂದ ಹೆಚ್ಚಿದ ಇಂಗಾಲಾಮ್ಲವಾಯುವು ಭೂಮಿಯ ಶಾಖವನ್ನು ಕಂಬಳಿಯಂತೆ ಹಿಡಿದಿಡುವುದೇ ಇದಕ್ಕೆ ಮುಖ್ಯ ಕಾರಣವು.

ದೇವರು ಹೊತ್ತಿಸಿದ ದೀಪವು ತನ್ನ ಮಿತಿಯಲ್ಲಿಯೇ ಉರಿಯುತ್ತಿದೆ. ಮಿತಿಮೀರಿದುದು ಮನುಷ್ಯರಾದ ನಾವು ಹಚ್ಚಿದ ಬೆಂಕಿ. ನಮ್ಮ ತಪ್ಪನ್ನು ಸೂರ್ಯನ ಮೇಲೆ ಹೊರಿಸದೆ, ಆನಿ ಮಾಂಡರರಂತೆ ತಾಳ್ಮೆಯಿಂದ ಅಳೆದು ನೋಡಿ ನಿಜವನ್ನು ಒಪ್ಪುವ ಬುದ್ಧಿಯು ನಮ್ಮ ಹೆಣ್ಣುಮಕ್ಕಳಿಗೆ ಬರಲೆಂದು ಹಾರೈಸುತ್ತೇವೆ.