ತಲೆಗೆ ಬಿದ್ದ ಪೆಟ್ಟು: ಕಾಣದ ಗಾಯವನ್ನು ಕಡೆಗಣಿಸಬಾರದು

ಅಡಿಕೆ ಮರದಿಂದ ಜಾರಿದವರು ಅಥವಾ ದ್ವಿಚಕ್ರ ವಾಹನದಿಂದ ಬಿದ್ದವರು ಎದ್ದು ಕುಳಿತು ಮಾತನಾಡಿದೊಡನೆ ಅಪಾಯ ಕಳೆಯಿತೆಂದು ಭಾವಿಸಿ ಮನೆಗೆ ಕಳುಹಿಸುವುದು ಗ್ರಾಮಗಳಲ್ಲಿ ಸಾಮಾನ್ಯ. ಆದರೆ ಹೊರಗೆ ಹರಿದ ರಕ್ತವು ತಲೆಗಾಯದ ತೀವ್ರತೆಯ ಅಳತೆಯಲ್ಲ. ನೆತ್ತಿಯ ಸಣ್ಣ ಗಾಯದಿಂದಲೂ ಬಹಳ ರಕ್ತ ಹರಿಯಬಹುದು. ಹನಿ ರಕ್ತವೂ ಕಾಣದ ಪೆಟ್ಟು ಪ್ರಾಣಾಂತಿಕವಾಗಬಹುದು. ಆದುದರಿಂದ ತಲೆಗಾಯದ ಮುಖ್ಯ ಬಗೆಗಳನ್ನು ಸದಸ್ಯರು ಅರಿತಿರುವುದು ಅವಶ್ಯಕ.

1. ಮಿದುಳಿನ ಅಲುಗಾಟ: ಪೆಟ್ಟಿನ ರಭಸಕ್ಕೆ ಮಿದುಳು ಕದಲಿ, ಗೊಂದಲ, ತಲೆಸುತ್ತು, ಘಟನೆಯ ಮರೆವು ಉಂಟಾಗುತ್ತವೆ. ಬಹುತೇಕರು ವಿಶ್ರಾಂತಿಯಿಂದ ಗುಣಮುಖರಾಗುತ್ತಾರೆ.

2. ತಲೆಬುರುಡೆಯ ಮುರಿತ: ಮೂಗು ಅಥವಾ ಕಿವಿಯಿಂದ ರಕ್ತ ಇಲ್ಲವೇ ತಿಳಿನೀರು ಸೋರುವುದು ಬುರುಡೆಯ ತಳಭಾಗ ಮುರಿದಿರುವ ಸೂಚನೆಯಾಗಿರಬಹುದು. ಅಲ್ಲಿ ಹತ್ತಿ ತುರುಕಬಾರದು.

3. ಬುರುಡೆಯೊಳಗಿನ ರಕ್ತಸ್ರಾವ: ಬುರುಡೆ ಹಿಗ್ಗುವುದಿಲ್ಲ, ಒಳಗೆ ಶೇಖರವಾದ ರಕ್ತ ಮಿದುಳನ್ನು ಒತ್ತುತ್ತದೆ. ಕೆಲವರು ಕೆಲವು ಗಂಟೆ ಚೆನ್ನಾಗಿಯೇ ಇದ್ದು, ಅನಂತರ ಪ್ರಜ್ಞೆ ಕಳೆದುಕೊಳ್ಳುತ್ತಾರೆ. ವೃದ್ಧರಲ್ಲಿ ರಕ್ತ ನಿಧಾನವಾಗಿ ಸೇರಿ, ವಾರಗಳ ನಂತರ ಮರೆವು, ನಡಿಗೆಯಲ್ಲಿ ತೂರಾಟ ಕಾಣಬಹುದು. ಇದನ್ನು ವಯೋಸಹಜವೆಂದು ಬಿಡಬಾರದು.

4. ಮಿದುಳಿನ ಜಜ್ಜುಗಾಯ ಮತ್ತು ನರತಂತುಗಳ ಹರಿತ: ಜೀವ ಉಳಿದರೂ ಮಾತು, ನೆನಪು, ಸ್ವಭಾವ ಬದಲಾಗಬಹುದು, ಫಿಟ್ಸ್ ಬರಬಹುದು. ಇಂತಹವರ ಸಿಟ್ಟು ಅಥವಾ ನಿರಾಸಕ್ತಿಯನ್ನು ಸೋಮಾರಿತನವೆಂದು ಹಳಿಯದೆ ಚಿಕಿತ್ಸೆ ಮುಂದುವರಿಸಬೇಕು.

ಪದೇ ಪದೇ ವಾಂತಿ, ಹೆಚ್ಚುತ್ತಿರುವ ತಲೆನೋವು, ಅತಿ ಮಂಪರು, ತೊದಲು ಮಾತು, ಕೈಕಾಲಿನ ಬಲಹೀನತೆ, ಫಿಟ್ಸ್, ಎರಡು ಕಣ್ಣಿನ ಪಾಪೆಗಳ ಗಾತ್ರದಲ್ಲಿ ವ್ಯತ್ಯಾಸ — ಇವುಗಳಲ್ಲಿ ಒಂದು ಕಂಡರೂ ತಕ್ಷಣ 108ಕ್ಕೆ ಕರೆ ಮಾಡತಕ್ಕದ್ದು. ಕುತ್ತಿಗೆಯನ್ನು ಅಲುಗಾಡಿಸಬಾರದು, ಪ್ರಜ್ಞೆ ಮಸುಕಾಗಿದ್ದರೆ ನೀರು ಕುಡಿಸಬಾರದು. ಮದ್ಯದ ವಾಸನೆ ಬಂದ ಮಾತ್ರಕ್ಕೆ ಅಮಲೆಂದು ತಿಳಿದು ಮಲಗಲು ಬಿಡುವುದು ಅಪಾಯಕರ. ಲಕ್ಷಣವಿಲ್ಲದಿದ್ದರೂ ವೃದ್ಧರು, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುವವರು, ಎತ್ತರದಿಂದ ಬಿದ್ದವರು ವೈದ್ಯರ ಪರೀಕ್ಷೆಗೆ ಒಳಗಾಗಬೇಕು.

ಪೊಲೀಸ್ ವಿಚಾರಣೆಯ ಭಯದಿಂದ ಯಾರೂ ಹಿಂಜರಿಯಬೇಕಾಗಿಲ್ಲ. ರಸ್ತೆ ಅಪಘಾತದ ಗಾಯಾಳುವಿಗೆ ಸದ್ಭಾವನೆಯಿಂದ ನೆರವಾದವರಿಗೆ ಮೋಟಾರು ವಾಹನ ಕಾಯ್ದೆ, 1988ರ ಕಲಂ 134ಎ ರಕ್ಷಣೆ ನೀಡಿದೆ.

ಸಿ.ಟಿ. ಸ್ಕ್ಯಾನ್ ಸೌಲಭ್ಯವಿರುವ ಸಮೀಪದ ಆಸ್ಪತ್ರೆಯ ವಿವರವನ್ನು ಪಂಚಾಯಿತಿ ಸೂಚನಾ ಫಲಕದಲ್ಲಿ ಪ್ರಕಟಿಸುವುದು, ಹಿಂಬದಿ ಸವಾರರೂ ಹೆಲ್ಮೆಟ್ ಧರಿಸುವಂತೆ ಗ್ರಾಮ ಸಭೆಯಲ್ಲಿ ತಿಳಿವಳಿಕೆ ನೀಡುವುದು ಸದಸ್ಯರಿಂದ ಸಾಧ್ಯ. ಪೆಟ್ಟು ಬಿದ್ದ ನಂತರದ ಮೊದಲ ಗಂಟೆಗಳಲ್ಲಿ ಆಸ್ಪತ್ರೆ ಯಾವುದೆಂದು ಹುಡುಕುತ್ತಾ ಕಾಲ ಕಳೆಯುವಂತಾಗಬಾರದು.